ಎಸ್‌ಪಿ ರೋಡಿನಲ್ಲಿ ರೋಬೋ ಕಿಟ್ ತಗೊಳ್ಳೋ ಮುಂಚೆ ಇದನ್ನು ಓದಿ

ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೆಸರಾದ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಮಕ್ಕಳಿಗೆ ಆರ್ಡುಯಿನೊ ಕಿಟ್ (ಪ್ರೋಗ್ರಾಂ ಹಾಕಿ ಮೋಟರು, ಸೆನ್ಸರ್ ನಡೆಸುವ ಪುಟ್ಟ ಬೋರ್ಡಿನ ಸೆಟ್) ತರಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಹೋಗಿ. ಅಲ್ಲಿ ಒಳ್ಳೆ ಅಂಗಡಿಗಳೂ ಇವೆ, ಗೊತ್ತು. ನನಗೆ ಸಿಕ್ಕಿದ್ದು ಅಂಥದ್ದಲ್ಲ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ದುಡ್ಡು ನಮ್ಮ ಹಳೇ ವಿದ್ಯಾರ್ಥಿಗಳು ಚಂದಾ ಹಾಕಿ ಕೊಟ್ಟಿದ್ದು. ಅಡ್ಡ ಏನಾದರೂ ಬಂದರೆ ತಾನೇ ತಿರುಗಿಕೊಳ್ಳುವ ಪುಟ್ಟ ಕಾರು ಮಾಡಬೇಕು ಅಂತ ಮಕ್ಕಳ ಆಸೆ. ಯೂನೊ ಆರ್3 ಅನ್ನೋ ಆರ್ಡುಯಿನೊ ಬೋರ್ಡು, ಮೋಟರಿಗೆ ಕರೆಂಟು ಕೊಟ್ಟು ನಡೆಸುವ ಎಲ್298ಎನ್ ಮೋಟರ್ ಡ್ರೈವರ್, ನಾಲ್ಕು ಹಳದಿ ಮೋಟರು, ಅಡ್ಡ ಇರುವುದನ್ನು ಶಬ್ದದಿಂದ ಪತ್ತೆ ಮಾಡುವ ಅಲ್ಟ್ರಾಸಾನಿಕ್ ಸೆನ್ಸರ್, ಎಲ್‌ಇಡಿಗಳು, 18650 ಅನ್ನೋ ಸೈಜಿನ, ಚಾರ್ಜ್ ಮಾಡಬಹುದಾದ ಒಂದು ಜೊತೆ ಲಿಥಿಯಂ ಸೆಲ್. "ಬೋರ್ಡು ಒರಿಜಿನಲ್ ತಾನೇ?" ಅಂತ ಕೇಳಿಯೇ ತಗೊಂಡೆ. "ಪಕ್ಕಾ ಒರಿಜಿನಲ್ ಮೇಡಂ, ಇಟಲಿ ಮಾಲು" ಅಂದ ಅಂಗಡಿಯವ. ರೇಟೂ ಒರಿಜಿನಲ್ಲಿನದ್ದೇ ಹಾಕಿದ. ಬಿಲ್ ಕೇಳಿದರೆ "ಪ್ರಿಂಟರ್ ಕೆಟ್ಟಿದೆ, ವಾಟ್ಸಾಪ್ ಮಾಡ್ತೀನಿ" ಅಂದು ಎಸ್ಟಿಮೇಟ್ ಚೀಟಿ ಹರಿದು ಕೊಟ್ಟ. ಬಿಲ್ ಇವತ್ತಿಗೂ ಬಂದಿಲ್ಲ. ಇವತ್ತಿಗೂ!

ಬೋರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದ ಕೂಡಲೇ ಸಿಎಚ್340 ಅನ್ನೋ ಯುಎಸ್‌ಬಿ ಚಿಪ್ಪಿನ ಡ್ರೈವರ್ ಸಾಫ್ಟ್‌ವೇರ್ ಬೇಕು ಅಂತು. ಒರಿಜಿನಲ್ ಯೂನೊ ಆರ್3ಯಲ್ಲಿ ಯುಎಸ್‌ಬಿ ಕೆಲಸಕ್ಕೆ ಇರುವುದು 16ಯು2 ಚಿಪ್. ಅಂದರೆ ಇದು ಕ್ಲೋನ್, ಬೇರೆಯವರು ಮಾಡಿದ ನಕಲು. ಕ್ಲೋನ್ ಮಾರುವುದು ತಪ್ಪಲ್ಲ, ಆ ಬೋರ್ಡಿನ ವಿನ್ಯಾಸ ಎಲ್ಲರಿಗೂ ಬಿಟ್ಟುಕೊಟ್ಟದ್ದೇ. ಕ್ಲೋನ್ ಅಂತ ಹೇಳಿ, ಕ್ಲೋನ್ ರೇಟಿಗೆ ಕೊಡಪ್ಪ! ಇರಲಿ, ಬೋರ್ಡು ಕೆಲಸವನ್ನಾದರೂ ಮಾಡುತ್ತಿತ್ತು.

ಸೆಲ್ ಮಾಡಿದ್ದೇ ಬೇರೆ. ಕಾರನ್ನು ನೆಲಕ್ಕೆ ಬಿಟ್ಟರೆ ಗೇಣು ದೂರ ಹೋಗಿ ನಿಲ್ಲೋದು, ಬೋರ್ಡಿನ ಲೈಟು ಪಕಪಕ ಅನ್ನೋದು, ಮತ್ತೆ ಗೇಣು ದೂರ. ಮಕ್ಕಳು ಪ್ರೋಗ್ರಾಂ ತಿದ್ದಿದರು, ವೈರು ಬಿಚ್ಚಿ ಮತ್ತೆ ಸಿಕ್ಕಿಸಿದರು. ಪಾಪ, ತಪ್ಪು ತಮ್ಮದೇ ಅಂದುಕೊಂಡಿದ್ದರು. ಚಂದಾ ಕೊಟ್ಟವರ ಎದುರಿಗೇ ಅದು ಹಾಗೆ ಮುಗ್ಗರಿಸಿತು. "ಇದಕ್ಕೆ ತಿಂಡಿ ಕೊಟ್ಟಿಲ್ವಾ ಮೇಡಂ?" ಅಂತ ಒಬ್ಬರು ನಕ್ಕರು. ನನಗೆ ತಲೆ ಎತ್ತೋಕಾಗಲಿಲ್ಲ.

ಮಲ್ಟಿಮೀಟರ್ ಹಿಡಿದರೆ ಎರಡೂ ಸೆಲ್ ಸೇರಿ 8 ವೋಲ್ಟ್, ಸರಿಯಾಗೇ ಇದೆ. ಮೋಟರ್ ತಿರುಗಿದ್ದೇ ತಡ, 5ಕ್ಕಿಂತ ಕೆಳಗೆ. ಬೋರ್ಡು ರೀಸೆಟ್ ಆಗದೆ (ನಿಂತು ಮತ್ತೆ ಮೊದಲಿಂದ ಶುರುವಾಗದೆ) ಇನ್ನೇನಾಗತ್ತೆ? ಸೆಲ್ ಮೇಲೆ ನೋಡಿದರೆ ದಪ್ಪಕ್ಷರದಲ್ಲಿ 9900 ಎಂಎಎಚ್, ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಲೆಕ್ಕ. ಈ ಸೈಜಿನ ಒಳ್ಳೆ ಸೆಲ್ಲಿನಲ್ಲೇ 3500ರ ಆಸುಪಾಸು ಇದ್ದರೆ ಹೆಚ್ಚು. ಒಂದು ಸೆಲ್ಲನ್ನು ಲ್ಯಾಬಿನ ತಕ್ಕಡಿಗೆ ಇಟ್ಟೆ. 24 ಗ್ರಾಂ. ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ತೆಗೆದಿಟ್ಟಿದ್ದ ಸೆಲ್ ಇತ್ತು, ಅದನ್ನಿಟ್ಟರೆ 45. ಒಂದೇ ಉದ್ದ, ಒಂದೇ ದಪ್ಪ, ತೂಕ ಮಾತ್ರ ಅರ್ಧ! ಮೈಯೆಲ್ಲ ಉರಿದುಹೋಯಿತು. ಒಳಗೇನಿದೆ ಕೊಯ್ದು ನೋಡೋಣ ಅಂದರು ಹುಡುಗರು. ಬಿಡಲಿಲ್ಲ, ಲಿಥಿಯಂ ಸೆಲ್ ಕೊಯ್ದರೆ ಬೆಂಕಿ ಹತ್ತಿಕೊಳ್ಳಬಹುದು.

ಅಂಗಡಿಯವನಿಗೆ ಫೋಟೋ ಕಳಿಸಿ ಫೋನ್ ಮಾಡಿದೆ. ಅವನ ಉತ್ತರ ಕೇಳಿ. "ನೀವೇ ಉಲ್ಟಾ ಕನೆಕ್ಷನ್ ಕೊಟ್ಟಿರ್ತೀರ ಮೇಡಂ." ಉಲ್ಟಾ ಕೊಟ್ಟರೆ ತೂಕ ಕಮ್ಮಿ ಆಗುತ್ತಾ ಅಂದೆ. "ಎಲೆಕ್ಟ್ರಾನಿಕ್ಸ್ ಐಟಂ ವಾಪಸ್ ತಗೊಳ್ಳಲ್ಲ." ಬೋರ್ಡು? "ಚೈನಾದಲ್ಲಿ ಮಾಡಿದ ಒರಿಜಿನಲ್ ಅದು." ಕೊನೆಗೆ ಅಂದ ನೋಡಿ, "ಮನೇಲಿ ಸರ್ ಇದ್ರೆ ಫೋನ್ ಕೊಡಿ, ಅವರಿಗೆ ಅರ್ಥ ಆಗತ್ತೆ." ಓಮ್ಸ್ ನಿಯಮ ಪಾಠ ಮಾಡುವವಳು ನಾನು! ದುಡ್ಡು ಹೋಗಿದ್ದಕ್ಕಿಂತ ಆ ಮಾತಿಗೇ ಸಿಟ್ಟು ಜಾಸ್ತಿ. ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ.

ಸೆಲ್ ತಗೊಳ್ಳುವಾಗ ಅಂಗಡಿಯಲ್ಲೇ ತೂಕ ಹಾಕಿಸಿ. 40 ಗ್ರಾಂ ಇಲ್ಲವೆಂದರೆ ಮುಟ್ಟಬೇಡಿ. 9900 ಅಂತ ಬರೆದಿದ್ದರೆ ತೂಕ ನೋಡುವ ಕೆಲಸವೂ ಇಲ್ಲ, ಎದ್ದು ಬನ್ನಿ. ಬೋರ್ಡಿಗೆ ಒರಿಜಿನಲ್ ರೇಟು ಹೇಳಿದರೆ ಬಿಲ್ಲಿನಲ್ಲೂ ಹಾಗೇ ಬರೆಸಿ. ಜಿಎಸ್‌ಟಿ ಬಿಲ್ ಕೈಗೆ ಬರುವವರೆಗೆ ಯುಪಿಐ ಪಿನ್ ಒತ್ತಬೇಡಿ. ಪ್ರಿಂಟರ್ ಕೆಟ್ಟಿದ್ದರೆ ಪಕ್ಕದ ಅಂಗಡಿ ಇದೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಿಲ್ ಕಳಿಸಿ ಅಂದರು. ಎಸ್ಟಿಮೇಟ್ ಚೀಟಿ, ಯುಪಿಐ ಸ್ಕ್ರೀನ್‌ಶಾಟ್, ತಕ್ಕಡಿಯ ಫೋಟೋ ಕಳಿಸಿದ್ದೇನೆ.