ಮೂರು ಕ್ಯಾಟಲಾಗ್ ಬಳಸಿ ನೋಡಿದೆ, ಕೋಹಾ ಉಳಿಯಿತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಕೋಹಾ ಎಂಬ ಉಚಿತ ಗ್ರಂಥಾಲಯ ತಂತ್ರಾಂಶಕ್ಕೆ. ಚಂದಾ ಕಟ್ಟಿ ತೆಗೆದುಕೊಂಡ ಇನ್ನೊಂದು ಕ್ಯಾಟಲಾಗ್ ಎಂಟು ತಿಂಗಳು ಸತಾಯಿಸದಿದ್ದರೆ ನಾನು ಕೋಹಾದ ಕಡೆ ತಲೆಹಾಕುತ್ತಲೇ ಇರಲಿಲ್ಲ. ಆದ್ದರಿಂದ ಇದನ್ನು ನಿಷ್ಪಕ್ಷಪಾತ ಹೋಲಿಕೆ ಎಂದು ಓದಬೇಡಿ. ನಮ್ಮದು ಚಿಕ್ಕ ಗ್ರಂಥಾಲಯ. ನಾನು, ಒಬ್ಬ ಸಹಾಯಕ, ಅಷ್ಟೇ ಸಿಬ್ಬಂದಿ. ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಕನ್ನಡದವು.

ಮೊದಲು ಇದ್ದದ್ದು ಆನ್‌ಲೈನ್ ಸ್ಪ್ರೆಡ್‌ಶೀಟ್. ಖರ್ಚಿಲ್ಲ, ಹೊಸದಾಗಿ ಕಲಿಯುವುದೇನೂ ಇಲ್ಲ. ಒಂದು ದಿನ ಅದರಲ್ಲಿ ಶೀರ್ಷಿಕೆಯ ಕಾಲಂ ಒಂದನ್ನೇ ಆಯ್ದು ಅಕಾರಾದಿಯಾಗಿ ಜೋಡಿಸಿದ್ದಾಯಿತು. ಶೀರ್ಷಿಕೆಗಳೆಲ್ಲ ಜಾಗ ಬದಲಿಸಿದವು, ಅಕ್ಸೆಷನ್ ಸಂಖ್ಯೆಗಳು, ಅಂದರೆ ಒಂದೊಂದು ಪುಸ್ತಕಕ್ಕೂ ನಾವು ಕೊಡುವ ಕ್ರಮಸಂಖ್ಯೆಗಳು, ಇದ್ದಲ್ಲೇ ಕುಳಿತವು. ಹಿಂದಿನ ದಿನದ ಆವೃತ್ತಿ ಮರಳಿ ಸಿಕ್ಕಿದ್ದರಿಂದ ಬಚಾವಾದೆವು. ಜೋಡಿಸಿದ್ದು ನಾನೇ. ಸಹಾಯಕನಿಗೆ ಇದು ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಬಂದದ್ದು ಕಂಪನಿಯೊಂದರ ಕ್ಲೌಡ್ ಕ್ಯಾಟಲಾಗ್. ಹೆಸರು ಬೇಡ. ನೋಡಲು ಬಹಳ ಚೆಂದ, ಪುಸ್ತಕದ ಮುಖಪುಟ ಕಾಣುತ್ತದೆ, ಮೊಬೈಲ್‌ನಿಂದಲೇ ಕಾಯ್ದಿರಿಸಬಹುದು, ಗಡುವು ಮುಗಿಯುವ ಮುನ್ನಾದಿನ ಓದುಗರಿಗೆ ಸಂದೇಶ ಹೋಗುತ್ತದೆ. ಒಂದು ಮಧ್ಯಾಹ್ನದಲ್ಲಿ ಎಲ್ಲವೂ ಸಿದ್ಧವಾಗಿತ್ತು.

ತೊಡಕು ಶುರುವಾದದ್ದು ಒಬ್ಬ ವಿದ್ಯಾರ್ಥಿನಿಯಿಂದ. "ಮೇಡಂ, ಕಂಪ್ಯೂಟರ್ ಬಗ್ಗೆ ಕನ್ನಡದಲ್ಲಿ ನಾಲ್ಕೇ ಪುಸ್ತಕ ಇರುವುದೇ?" ಎಂದಳು. ಆ ಕಪಾಟನ್ನು ಜೋಡಿಸಿದವಳು ನಾನು, ಅಲ್ಲಿ ಹನ್ನೊಂದು ಇದ್ದವು. ಹುಡುಕಾಟದಲ್ಲಿ ಬಾರದ ಏಳು ದಾಖಲೆಗಳನ್ನು ಅಕ್ಸೆಷನ್ ಸಂಖ್ಯೆ ಕೊಟ್ಟು ತೆರೆದರೆ ಅವುಗಳಲ್ಲೂ 'ಕಂಪ್ಯೂಟರ್' ಎಂದೇ ಇದೆ. ಸಿಕ್ಕ ಪುಸ್ತಕದ ಪದ, ಸಿಗದ ಪುಸ್ತಕದ ಪದ ಎರಡನ್ನೂ ಒಂದರ ಕೆಳಗೊಂದು ಇಟ್ಟು, ಕನ್ನಡಕ ಒರೆಸಿಕೊಂಡು ನೋಡಿದೆ. ಕೂದಲೆಳೆಯ ವ್ಯತ್ಯಾಸವೂ ಕಾಣಲಿಲ್ಲ.

ಗುಟ್ಟು ಬಿಟ್ಟುಕೊಟ್ಟದ್ದು ಅಳಿಸುವ ಕೀಲಿ. ಸಿಕ್ಕ ಪುಸ್ತಕದ ಪದದ ತುದಿಯಲ್ಲಿ ಅದನ್ನು ಒಮ್ಮೆ ಒತ್ತಿದೆ, 'ಕಂಪ್ಯೂಟರ' ಆಯಿತು. ಸಿಗದ ಪುಸ್ತಕದಲ್ಲಿ ಒತ್ತಿದರೆ ಪದ ಹಾಗೆಯೇ ಇತ್ತು. ಎರಡನೆಯ ಸಲ ಒತ್ತಿದಾಗಲೇ ಕೊನೆಯ ಅರ್ಧಾಕ್ಷರದ ಗುರುತು ಬಿದ್ದದ್ದು. ಅಂದರೆ 'ರ್' ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಕುಳಿತಿತ್ತು.

ಅದರ ಹೆಸರು ಝೀರೋ ವಿಡ್ತ್ ನಾನ್ ಜಾಯ್ನರ್, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ 200ಸಿ. ಕನ್ನಡಕ್ಕೆ ಬೇಕಾದ ಚಿಹ್ನೆಯೇ ಅದು. 'ಸಾಫ್ಟ್‌ವೇರ್' ಎಂದು ಬರೆಯುವಾಗ 'ವ' ಹೋಗಿ ಮೇಲಿನ ಅಕ್ಷರಕ್ಕೆ ಒತ್ತಾಗಿ ಅಂಟಿಕೊಳ್ಳದಂತೆ ತಡೆಯುವುದು ಅದೇ. ಆದರೆ ಪದದ ಕೊನೆಯಲ್ಲಿ ಅದಕ್ಕೆ ಯಾವ ಕೆಲಸವೂ ಇಲ್ಲ. ಹಳೆಯ ಫಾಂಟ್‌ನಲ್ಲಿದ್ದ ನಮ್ಮ ಪಟ್ಟಿಯನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಸಿಕ್ಕಸಿಕ್ಕ ಅರ್ಧಾಕ್ಷರಕ್ಕೆಲ್ಲ ಬಾಲದಂತೆ ಸೇರಿಕೊಂಡಿತ್ತು. ಆಮೇಲೆ ನಾವು ಕೈಯಾರೆ ಟೈಪ್ ಮಾಡಿದ ದಾಖಲೆಗಳಲ್ಲಿ ಅದು ಇಲ್ಲ. ಹುಡುಕುವವರು ಆ ಬಾಲವಿಲ್ಲದೆ ಟೈಪ್ ಮಾಡುತ್ತಾರೆ, ಹಳೆಯ ಪುಸ್ತಕಗಳು ಇದ್ದೂ ಇಲ್ಲವಾಗುತ್ತವೆ.

ಕಂಪನಿಗೆ ಬರೆದೆ. ಓದುಗರು ಕಾಗುಣಿತವನ್ನು ಸರಿಯಾಗಿ ಟೈಪ್ ಮಾಡಬೇಕು ಎಂದು ಉತ್ತರ ಬಂತು. ಚಿತ್ರ ಸಮೇತ ಮತ್ತೆ ಬರೆದೆ. ಸಲಹೆಯನ್ನು ದಾಖಲಿಸಿಕೊಂಡಿದ್ದೇವೆ ಎಂದರು. ಸರಿ, ನಾವೇ ಸ್ವಚ್ಛ ಮಾಡೋಣವೆಂದು ಇಡೀ ಪಟ್ಟಿಯನ್ನು ಇಳಿಸಿಕೊಂಡು, ಆ ಚಿಹ್ನೆಯನ್ನು ಒಂದೇ ಏಟಿಗೆ ಅಳಿಸಿ ಮರಳಿ ಏರಿಸಿದೆವು. ಅದು ಹಳೆಯದರ ಮೇಲೆ ಹೊಸದನ್ನು ಬರೆಯಲಿಲ್ಲ, ಪಕ್ಕದಲ್ಲಿ ಇನ್ನೊಂದು ಪ್ರತಿ ಮಾಡಿತು. ಎಲ್ಲ ಪುಸ್ತಕಗಳೂ ಅವಳಿಜವಳಿ! ಬಿಟ್ಟು ಹೊರಡುವಾಗ ಗೊತ್ತಾದ ಮತ್ತೊಂದು ಸಂಗತಿ: ದಾಖಲೆಗಳು ಮಾರ್ಕ್ ರೂಪದಲ್ಲಿ, ಅಂದರೆ ಗ್ರಂಥಾಲಯಗಳು ಪುಸ್ತಕದ ವಿವರ ಬರೆದಿಡಲು ಬಳಸುವ ಸಾಮಾನ್ಯ ನಮೂನೆಯಲ್ಲಿ, ಹೊರಬರುವುದಿಲ್ಲ. ಲೇಖಕರು, ಅನುವಾದಕರು, ಸಂಪಾದಕರು ಎಲ್ಲರೂ ಒಂದೇ ಚೌಕದಲ್ಲಿ ಅಲ್ಪವಿರಾಮ ಹಾಕಿಕೊಂಡು ಕುಳಿತಿದ್ದರು.

ಕೋಹಾ ಹುಟ್ಟಿದ್ದು 1999ರಲ್ಲಿ, ನ್ಯೂಜಿಲೆಂಡ್‌ನಲ್ಲಿ. ಅಲ್ಲಿನ ಹೊರೊವೆನುವಾ ಗ್ರಂಥಾಲಯ ಟ್ರಸ್ಟ್‌ನ ಹಳೆಯ ತಂತ್ರಾಂಶ 2000ನೇ ಇಸವಿಯನ್ನು ದಾಟುವಂತಿರಲಿಲ್ಲ. ಹೊಸದನ್ನು ಬರೆಸಿ, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಕೊಡುಗೆ. ಕೊಡುಗೆಯೇನೋ ಹೌದು, ಆದರೆ ಬಿಚ್ಚಿ ಜೋಡಿಸಿಕೊಳ್ಳುವ ಹೊಣೆ ನಮ್ಮದು. ಕೋಹಾ ನಡೆಯುವುದು ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಮೇಲೆ, ಅದರ ಗಂಧವಿಲ್ಲದ ನನಗೆ ಮೂರು ಭಾನುವಾರ ಹಿಡಿಯಿತು.

ನನ್ನ ಏಳು ಪುಸ್ತಕಗಳು ಬದುಕಿಕೊಂಡದ್ದು ಮಾತ್ರ ಇಲ್ಲಿಯೇ. ಕೋಹಾದ ಹುಡುಕಾಟವನ್ನು ನಡೆಸುವ ಜೀಬ್ರಾ ಎಂಬ ಭಾಗಕ್ಕೆ ಪದಗಳನ್ನು ಸೂಚಿಗೆ ಸೇರಿಸುವ ಎರಡು ವಿಧಾನಗಳಿವೆ. ರೋಮನ್ ಅಲ್ಲದ ಲಿಪಿಗಳಿಗೆ ಐಸಿಯು ಎಂಬುದನ್ನು ಆರಿಸಿಕೊಳ್ಳಬೇಕು. ಸೂಚಿಗೆ ಸೇರಿಸುವ ಮುನ್ನ ಯಾವ ಚಿಹ್ನೆಗಳನ್ನು ಉದುರಿಸಬೇಕು ಎಂಬ ನಿಯಮಗಳು ಒಂದು ಸಾದಾ ಪಠ್ಯ ಕಡತದಲ್ಲಿರುತ್ತವೆ. ಅದರಲ್ಲಿ 200ಸಿ ಬಗ್ಗೆ ಒಂದು ಸಾಲು ಸೇರಿಸಿ, ಮರುಸೂಚಿಗೆ ಹಚ್ಚಿ ಮನೆಗೆ ಹೋದೆ. ಓದುಗರು ಟೈಪ್ ಮಾಡಿದ ಪದಕ್ಕೂ ಅದೇ ನಿಯಮ ಅನ್ವಯಿಸುವುದರಿಂದ ಬಾಲವಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬೆಳಿಗ್ಗೆ ಬಂದು 'ಕಂಪ್ಯೂಟರ್' ಎಂದು ಹುಡುಕಿದೆ. ಹನ್ನೊಂದು.

ಇದರಲ್ಲಿ ರಗಳೆಗಳಿಲ್ಲ ಎಂದಲ್ಲ. ಮಾರ್ಕ್ ನಮೂನೆ ಉದ್ದ. ಶೀರ್ಷಿಕೆಗೆ 245, ಐಎಸ್‌ಬಿಎನ್‌ಗೆ 020, ಲೇಖಕರಿಗೆ 100 ಎಂದು ಚೌಕಗಳ ಸಾಲೇ ಇದೆ. "ಇದು ತೆರಿಗೆ ಅರ್ಜಿ" ಎಂದ ನಮ್ಮ ಸಹಾಯಕ. ಬೇಡದ್ದನ್ನೆಲ್ಲ ಮರೆಮಾಡಿ ಹನ್ನೆರಡು ಚೌಕ ಉಳಿಸಿಕೊಟ್ಟ ಮೇಲೆ ಗೊಣಗಾಟ ನಿಂತಿತು. ಚೆಲುವಿನಲ್ಲಿ ಕ್ಲೌಡ್‌ನದ್ದೇ ಮೇಲುಗೈ. ದತ್ತಾಂಶದ ಪ್ರತಿ ತೆಗೆದಿಡುವ ಕೆಲಸವೂ ನಮ್ಮ ತಲೆಯ ಮೇಲಿದೆ. ಸಂಜೆ ಬೀಗ ಹಾಕುವ ಮೊದಲು ಡಿಸ್ಕ್ ಸಿಕ್ಕಿಸಿ ನಕಲು ಮಾಡುತ್ತೇನೆ. ಬಾಗಿಲು ಹಾಕಿತೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡುವ ಸ್ವಭಾವದವಳಿಗೆ ಅದೇನು ಹೊರೆಯಲ್ಲ.

ತಂತ್ರಾಂಶಕ್ಕೆ ಹಣವಿಲ್ಲ. ಹಳೆಯ ಕಂಪ್ಯೂಟರ್ ಒಂದು ಮೂಲೆಯಲ್ಲಿತ್ತು, ಸಾಕಾಯಿತು. ಕ್ಲೌಡ್‌ಗೆ ಕಟ್ಟುತ್ತಿದ್ದ ಚಂದಾ ಈಗ ಮಾಸಪತ್ರಿಕೆಗಳ ಚಂದಾಕ್ಕೆ ಹೋಗುತ್ತಿದೆ. ಕಪ್ಪು ತೆರೆಯಲ್ಲಿ ಆದೇಶ ಟೈಪ್ ಮಾಡುವುದೆಂದರೆ ಬೆವರುವವರು, ಕರೆದರೆ ಬರುವ ಜಾಣರು ಯಾರೂ ಹತ್ತಿರವಿಲ್ಲದವರು ಕ್ಲೌಡ್‌ಗೇ ಹೋಗಬಹುದು. ಆದರೆ ಉಚಿತ ಪ್ರಯೋಗದ ದಿನಗಳಲ್ಲೇ ಬಾಲವಿರುವ ಒಂದು ಪದ, ಬಾಲವಿಲ್ಲದ ಒಂದು ಪದ ಸೇರಿಸಿ ಹುಡುಕಿ ನೋಡಿ. ಮಾರ್ಕ್ ರೂಪದಲ್ಲಿ ಹೊರತೆಗೆಯಲು ಬರುತ್ತದೆಯೇ ಎಂದು ಲಿಖಿತವಾಗಿ ಕೇಳಿ.

ಸ್ಪ್ರೆಡ್‌ಶೀಟನ್ನು ನಾವು ಬಿಟ್ಟಿಲ್ಲ. ಬೈಂಡಿಂಗ್‌ಗೆ ಕಳುಹಿಸಿದ ಪುಸ್ತಕಗಳ ಪಟ್ಟಿ ಇನ್ನೂ ಅದರಲ್ಲೇ ಇದೆ. ಅಕಾರಾದಿಯಾಗಿ ಜೋಡಿಸುವ ಕೆಲಸ ಮಾತ್ರ ಸಹಾಯಕನದು.