ಕಾಶಿಯ ಸಂಗೀತಕ್ಕೆ ‘ಪಾಸ್’ ಮಾರುವವರಿದ್ದಾರೆ, ಜೋಕೆ

ಚೈತ್ರದಲ್ಲಿ ಕಾಶಿಗೆ ಹೋಗಿ ಸಂಕಟಮೋಚನ ಸಂಗೀತ ಸಮಾರೋಹ ಕೇಳಬೇಕೆಂದು ಯೋಚಿಸುತ್ತಿರುವವರು ಯಾರಿಗಾದರೂ ಮುಂಗಡ ಕಳಿಸುವ ಮೊದಲು ಇದನ್ನು ಓದಿ. ಆ ಸಮಾರೋಹಕ್ಕೆ ಟಿಕೆಟ್ ಇಲ್ಲ. ಅದು 1920ರ ದಶಕದಲ್ಲಿ ಆರಂಭವಾಗಿ ಹನುಮನ ಗುಡಿಯ ಅಂಗಳದಲ್ಲೇ ನಡೆದುಬಂದ ಸೇವೆ. ದೊಡ್ಡ ದೊಡ್ಡ ಕಲಾವಿದರು ರಾತ್ರಿಯಿಡೀ ಹಾಡುತ್ತಾರೆ, ಯಾರು ಬೇಕಾದರೂ ಹೋಗಿ ಕುಳಿತು ಕೇಳಬಹುದು. ಇಂಥದ್ದಕ್ಕೆ ನಾವು ತಲೆಗೆ 2,500 ರೂಪಾಯಿ ತೆತ್ತು ‘ವಿಐಪಿ ಪಾಸ್’ ಕೊಂಡೆವು.

ಮಾರಿದವನು ವಾಟ್ಸಾಪ್‌ನಲ್ಲಿ ಸಿಕ್ಕ ಏಜೆಂಟ್. ಮಾತೆಲ್ಲ ಬೆಣ್ಣೆ. ಸಮಾರೋಹದಲ್ಲಿ ಮುಂದಿನ ಸಾಲು, ಕಬೀರ್ ಚೌರಾದ ಕಲಾವಿದರ ಮನೆಯಲ್ಲಿ ಖಾಸಗಿ ಬೈಠಕ್, ಬೆಳಗಿನ ದೋಣಿ, ಕಚೌರಿಯಿಂದ ಮಲಯ್ಯೋವರೆಗೆ ತಿಂಡಿಯ ಸುತ್ತಾಟ, ಎಲ್ಲವೂ ಒಂದೇ ಪ್ಯಾಕೇಜಿನಲ್ಲಿ. ಕಬೀರ್ ಚೌರಾ ಎಂದರೆ ತಬಲಾದ ಕಿಶನ್ ಮಹಾರಾಜ್, ಗಾಯಕ ಸೋದರರಾದ ರಾಜನ್–ಸಾಜನ್ ಮಿಶ್ರರ ಕೇರಿ. ಆ ಹೆಸರು ಕಿವಿಗೆ ಬಿದ್ದ ಮೇಲೆ ನಮ್ಮಣ್ಣನನ್ನು ಹಿಡಿಯುವವರಿರಲಿಲ್ಲ.

ಪಾಸ್ ನೋಡಲು ಚೆನ್ನಾಗಿಯೇ ಇತ್ತು. ಲ್ಯಾಮಿನೇಟ್ ಮಾಡಿದ ಕಾರ್ಡು, ಮೇಲೆ ಸಿತಾರಿನ ಚಿತ್ರ, ಮೂಲೆಯಲ್ಲಿ ನೇರಳೆ ಬಣ್ಣದ ಮುದ್ರೆ. ಬಾಗಿಲಲ್ಲಿದ್ದ ಪೊಲೀಸ್ ಅದನ್ನು ಹಿಂದುಮುಂದು ತಿರುಗಿಸಿ ನೋಡಿ, ಪಕ್ಕದವನಿಗೆ ತೋರಿಸಿ ನಕ್ಕ. ಏಜೆಂಟನಿಗೆ ಅಲ್ಲಿಂದಲೇ ಫೋನ್ ಮಾಡೋಣವೆಂದರೆ ಮೊಬೈಲ್‌ಗಳೆಲ್ಲ ಲಾಕರ್ ಸೇರಿದ್ದವು; ಈ ಗುಡಿಯೊಳಗೆ ಮೊಬೈಲ್ ಬಿಡುವುದಿಲ್ಲ. ಆ ಮಹಾನುಭಾವನಿಗೆ ಇದೂ ಗೊತ್ತಿದ್ದಿರಬೇಕು. ಒಳಗಂತೂ ಯಾರೂ ನಮ್ಮನ್ನು ತಡೆಯಲಿಲ್ಲ. ಜನ ಸರಿದು ಜಾಗ ಕೊಟ್ಟರು, ಬೆಳಗಿನ ಜಾವದವರೆಗೆ ಕುಳಿತು ಕೇಳಿದೆವು. ಅಷ್ಟು ಒಳ್ಳೆಯ ಸಂಗೀತವನ್ನು ಹೊಟ್ಟೆಯುರಿಯಲ್ಲಿ ಕೇಳಬೇಕಾಯಿತಲ್ಲ ಎಂಬುದೇ ನನ್ನ ಸಿಟ್ಟು.

ಬೈಠಕ್‌ನ ಕಥೆ ಇನ್ನೂ ಚೆಂದ. ಕಿರಿದಾದ ಮೆಟ್ಟಿಲು ಹತ್ತಿಸಿ ಒಂದು ಕೋಣೆಗೆ ಕರೆದೊಯ್ದರು. ನೆಲದ ತುಂಬ ಬಿಳಿ ಗಾದಿ. ಹುಡುಗನೊಬ್ಬ ಒಂದಿಷ್ಟು ಹೊತ್ತು ತಬಲಾ ನುಡಿಸಿ ಎದ್ದುಹೋದ. ಆಮೇಲೆ ತಿಳಿಯಿತು, ಆ ಗಾದಿ ಹಾಸಿದ್ದು ಸಂಗೀತಕ್ಕಲ್ಲ, ಸೀರೆ ಬಿಚ್ಚಿ ತೋರಿಸುವುದಕ್ಕೆ. ಅಪ್ಪಟ ಬನಾರಸಿ ರೇಷ್ಮೆ, ಮಗ್ಗದ ಬೆಲೆ ಎಂದೆಲ್ಲ ಶುರುವಾಯಿತು. ಸೆರಗಿನಿಂದ ಒಂದು ಎಳೆ ತೆಗೆದು ಸುಟ್ಟು ನೋಡೋಣವೇ ಎಂದು ಅತ್ತಿಗೆ ಕೇಳಿದರು. ನಿಜವಾದ ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ನೈಲಾನ್ ಕರಗಿ ಗಂಟಾಗುತ್ತದೆ. ಅಂಗಡಿಯವನ ಮುಖ ಬಾಡಿತು. ಚಹಾ ಕೂಡ ಬರಲಿಲ್ಲ.

ಇನ್ನು ಮಲಯ್ಯೋ. ಇದು ಚಳಿಗಾಲದ ತಿನಿಸು. ಕಾಯಿಸಿದ ಹಾಲನ್ನು ರಾತ್ರಿಯ ಇಬ್ಬನಿಗೆ ಇಟ್ಟು, ಮುಂಜಾನೆ ಕಡೆದು ನೊರೆ ತೆಗೆಯುತ್ತಾರೆ. ಬಿಸಿಲೇರಿದರೆ ನೊರೆ ನಿಲ್ಲುವುದಿಲ್ಲ. ಏಪ್ರಿಲ್ ತಿಂಗಳ ಉರಿಯಲ್ಲಿ ಅದನ್ನು ತಿನ್ನಿಸುತ್ತೇನೆಂದು ಹೇಳುವವನ ಬಳಿ ವ್ಯವಹಾರವೇ ಬೇಡ. ನಮಗೆ ಕುಡಿಕೆಯಲ್ಲಿ ಸಿಕ್ಕಿದ್ದು ಹಳದಿ ಬಣ್ಣ ಹಾಕಿದ ರಬಡಿ. ಕಚೌರಿ–ಸಬ್ಜಿಗೆ ಯಾವ ಮಾರ್ಗದರ್ಶಕನೂ ಬೇಕಿಲ್ಲ: ಬೆಳಗ್ಗೆ ಬೇಗ ಎದ್ದು, ಜನ ನಿಂತ ಅಂಗಡಿಯ ಮುಂದೆ ನಿಂತರಾಯಿತು. ಟಮಾಟರ್ ಚಾಟ್ ಸಂಜೆಗೆ. ಠಂಡಾಯಿ ಕುಡಿಯುವಾಗ ಮಾತ್ರ ಭಂಗಿ ಸೊಪ್ಪು ಬೇಡವೆಂದು ಬಾಯಿಬಿಟ್ಟು ಹೇಳಿ. ಅಲ್ಲಿ ಅದು ಗುಟ್ಟಿನ ವಸ್ತುವಲ್ಲ, ‘ಸ್ಪೆಷಲ್’ ಎಂದರೆ ಸಾಮಾನ್ಯವಾಗಿ ಅದೇ.

ದೋಣಿಯವನು ಬರಲೇ ಇಲ್ಲ. ಘಾಟಿನಲ್ಲೇ ಚೌಕಾಸಿ ಮಾಡಿ ಬೇರೆ ದೋಣಿ ಹಿಡಿದೆವು. ದರ ತಲೆಗೋ ದೋಣಿಗೋ, ಹೋಗಿ ಬರುವುದಕ್ಕೋ ಎಂದು ಹತ್ತುವ ಮೊದಲೇ ಕೇಳಿಕೊಳ್ಳಿ. ಹೆಣ ಸುಡುವ ಮಣಿಕರ್ಣಿಕಾ ಘಾಟಿನಲ್ಲಿ ಬಡವರ ಚಿತೆಗೆ ಸೌದೆ ಕೊಡಿಸಿ ಎಂದು ಗಂಟುಬೀಳುವವರಿಗೆ ಕೈಮುಗಿದು ಮುಂದೆ ನಡೆಯಿರಿ.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಿ. ನಾವು ದೂರು ಕೊಟ್ಟಿದ್ದೇವೆ, ಹಣ ಇನ್ನೂ ಬಂದಿಲ್ಲ. ಏಜೆಂಟನ ನಂಬರ್ ಮಾತ್ರ ಈಗಲೂ ಚಾಲ್ತಿಯಲ್ಲಿದೆ. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಗೆ ದೋಣಿ ಕಾಯ್ದಿರಿಸುತ್ತೇನೆಂದು ಮುಂಗಡ ಕೇಳುತ್ತಿದ್ದಾನೆ.