ಬೆಳಕಿಗೆ ಪೂರ್ತಿ ಅಂಕ, ‘ಫೇಸ್ ಕ್ಲೀನ್’ಗೆ ಸೊನ್ನೆ: ಬೆಳಗಾವಿಯ ಒಂದು ಫೋಟೋ ಸ್ಟುಡಿಯೋ

ಬೆಳಗಾವಿ ಪೇಟೆಯ ನಡುವಿನ ಈ ಸ್ಟುಡಿಯೋಕ್ಕೆ ಹೆಚ್ಚು ಜನ ಬರುವುದು ಎರಡು ಕೆಲಸಕ್ಕೆ. ಒಂದು, ಓದಲು ಅಮೆರಿಕಕ್ಕೆ ಹೊರಟವರ ವೀಸಾ ಫೋಟೋ. ಇನ್ನೊಂದು, ಲಗ್ನದ ಬಯೋಡೇಟಾಕ್ಕೆ ಅಂಟಿಸುವ ಫೋಟೋ. ಸಾದಗಪ್ಪು ಮೈಬಣ್ಣದವರೊಬ್ಬರು ಒಂದೇ ದಿನ ಎರಡನ್ನೂ ತೆಗೆಸಿದರೆ ಕೈಗೆ ಬರುವುದು ಇಬ್ಬರ ಫೋಟೋ. ವೀಸಾದ್ದರಲ್ಲಿ ಇದ್ದವರು ಇದ್ದ ಹಾಗೆ. ಬಯೋಡೇಟಾದ್ದರಲ್ಲಿ ಅವರ ದೂರದ ಸಂಬಂಧಿಕರಂತೆ ಕಾಣುವ, ಗೋದಿಹಿಟ್ಟು ಮೆತ್ತಿಕೊಂಡ ಮುಖ. ಕ್ಯಾಮೆರಾ ಅದೇ, ಲೈಟು ಅದೇ, ಕೂತ ಸ್ಟೂಲೂ ಅದೇ.

ವೀಸಾ ಫೋಟೋದಲ್ಲಿ ಹೆಸರಿಡಲು ಏನೂ ಇಲ್ಲ. 51 ಮಿ.ಮೀ. ಚೌಕ, ಬಿಳಿ ಹಿನ್ನೆಲೆ, ಗದ್ದದಿಂದ ನೆತ್ತಿಯವರೆಗೆ 25ರಿಂದ 35 ಮಿ.ಮೀ., ಕನ್ನಡಕ ಕೂಡದು, ಆರು ತಿಂಗಳೊಳಗೆ ತೆಗೆದದ್ದಾಗಿರಬೇಕು. ಆನ್‌ಲೈನ್ ಅರ್ಜಿಗೆ ಹಾಕುವ ಫೈಲು 600ರಿಂದ 1200 ಪಿಕ್ಸೆಲ್‌ವರೆಗಿನ ಚೌಕ, 240 ಕೆಬಿ ಒಳಗೆ. ಕೌಂಟರಿನ ಹುಡುಗ ಇಷ್ಟನ್ನೂ ಮಗ್ಗಿಯಂತೆ ಒಪ್ಪಿಸುತ್ತಾನೆ. ಮುಖವನ್ನು ಕಂಪ್ಯೂಟರಿನಲ್ಲಿ ತಿದ್ದಿದ ಫೋಟೋವನ್ನು ಅಮೆರಿಕದವರು ಒಪ್ಪುವುದಿಲ್ಲವೆಂದೂ ಅವನಿಗೆ ಗೊತ್ತು. ಹಾಗಾಗಿ ಆ ಫೈಲಿಗೆ ಯಾರೂ ಕೈ ಹಾಕುವುದಿಲ್ಲ. ಕಪ್ಪು ಮುಖವನ್ನು ಹೇಗೆ ನೋಡಬೇಕೆಂದು ನೂರೈವತ್ತು ವರ್ಷ ಜಗಳವಾಡಿದ ದೇಶದ ನಿಯಮವೊಂದು ನಮ್ಮೂರ ಕಪ್ಪು ಮುಖವನ್ನು ಕಾಯುತ್ತಿದೆ. ಮಮತೆಯಿಂದಲ್ಲ, ಗುರುತು ಹಿಡಿಯುವ ಅವಶ್ಯಕತೆಯಿಂದ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ಇಲ್ಲಿ ಬೆಳಕು ಇಟ್ಟವರು ಕೆಲಸ ಬಲ್ಲವರು. ಮುಖ್ಯ ಲೈಟಿಗೆ ಬೆಳಕನ್ನು ಮೆದುಗೊಳಿಸುವ ಮೂರು ಅಡಿಯ ಬಟ್ಟೆಪೆಟ್ಟಿಗೆ, ಸಾಫ್ಟ್‌ಬಾಕ್ಸು. ಅದು ಮುಖದಿಂದ ನಾಲ್ಕು ಅಡಿ ದೂರ, ಕಣ್ಣಿಗಿಂತ ತುಸು ಮೇಲೆ, 45 ಡಿಗ್ರಿ ಓರೆ. ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಾಳೆ. ಹಿನ್ನೆಲೆಗೆ ಬೇರೆಯೇ ಲೈಟು. ಕೂರುವವರು ಗೋಡೆಯಿಂದ ಆರು ಅಡಿ ಮುಂದೆ. ಕ್ಯಾಮೆರಾ ಆಟೋ ಬಿಟ್ಟು ಮ್ಯಾನುವಲ್‌ನಲ್ಲಿ: ಲೆನ್ಸಿನ ತೆರಪು ಎಫ್ 8, ಶಟರ್ 1/125 ಸೆಕೆಂಡು, ಬೆಳಕಿಗೆ ಸಂವೇದನೆ ಐಎಸ್‌ಒ 100.

ಇದರಲ್ಲಿ ಒಂದೊಂದಕ್ಕೂ ಕಾರಣವಿದೆ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರು ಕಂಡದ್ದನ್ನೆಲ್ಲ ಸರಾಸರಿ ಮಾಡಿ 18% ಬೆಳಕು ತಿರುಗಿಸುವ ಬೂದುಬಣ್ಣಕ್ಕೆ ತಂದು ನಿಲ್ಲಿಸಲು ನೋಡುತ್ತದೆ. ಹಿಂದೆ ಬಿಳಿ ಗೋಡೆ ಇದ್ದರೆ ಅದನ್ನು ಬೂದು ಮಾಡಲು ಬೆಳಕು ಕಡಿಮೆ ಮಾಡುತ್ತದೆ, ಅದರ ಜೊತೆಗೆ ಮುಖವೂ ಮುಳುಗುತ್ತದೆ. ಬಿಳಿ ಚರ್ಮ ಆ ಬೂದಿಗಿಂತ ಸುಮಾರು ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಎರಡು ಪಟ್ಟು ಬೆಳಕು) ಮೇಲಿರುವುದರಿಂದ ಮುಳುಗಿದರೂ ಕಾಣುತ್ತದೆ. ಕಪ್ಪು ಚರ್ಮ ಮೊದಲೇ ಕೆಳಗಿದೆ, ಇನ್ನೂ ಕೆಳಗಿಳಿದರೆ ಮೂಗು, ಕೆನ್ನೆ, ಗದ್ದದ ಗೆರೆ ಒಂದರಲ್ಲೊಂದು ಕಲೆತುಹೋಗುತ್ತವೆ. ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದರೆ ಸಿಗುವುದು ಮುಖವಲ್ಲ, ರವೆಯಂಥ ಕಾಳು. ಆದ್ದರಿಂದ ಮೊದಲು ಮುಖಕ್ಕೆ ಬೆಳಕು ಕೂರಿಸಿ, ಗೋಡೆಯನ್ನು ಅದರ ಪಾಡಿಗೆ ಬೇರೆ ಬೆಳಗಬೇಕು. ಗೋಡೆಯ ಬೆಳಕು ಮುಖದ್ದಕ್ಕಿಂತ ಅರ್ಧ-ಒಂದು ಸ್ಟಾಪ್ ಹೆಚ್ಚಿದ್ದರೆ ಸಾಕು. ಅದಕ್ಕೂ ಮೀರಿದರೆ ಹಿಂದಿನಿಂದ ಬೆಳಕು ಸೋರಿ ಕಿವಿ, ದವಡೆ ತೆಳ್ಳಗಾಗುತ್ತವೆ. ಈ ಸ್ಟುಡಿಯೋದಲ್ಲಿ ಹಾಗಾಗುವುದಿಲ್ಲ. ತೆಗೆದ ಕೂಡಲೇ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿ, ತಿದ್ದದ ಆ ಫೋಟೋವೇ ಇಲ್ಲಿನ ಅತ್ಯುತ್ತಮ ಸರಕು.

ಇನ್ನು ಗೋಡೆಗೆ ಬರೋಣ. ಕಾಯುವ ಬೆಂಚಿನ ಎದುರಿಗೆ ಇಪ್ಪತ್ತಕ್ಕೂ ಹೆಚ್ಚು ಫ್ರೇಮು ತೂಗುಹಾಕಿದ್ದಾರೆ. ಅದರಲ್ಲಿ ಕಪ್ಪು ಮುಖ ಒಂದೂ ಇಲ್ಲ. ಖಾನಾಪುರ ತಾಲೂಕಿನ ಸಿದ್ದಿ ಜನ ಇದೇ ಜಿಲ್ಲೆಯವರು, ಲಗ್ನ ಅವರಲ್ಲೂ ಆಗುತ್ತದೆ. ಹೊಲದ ಬಿಸಿಲಲ್ಲಿ ಬೆಂದ ಬೈಲಹೊಂಗಲ, ಸವದತ್ತಿಯ ಮುಖಗಳು ದಿನಾ ಈ ಮೆಟ್ಟಿಲು ಹತ್ತುತ್ತವೆ. ಗೋಡೆಗೆ ಮಾತ್ರ ಏರಿಲ್ಲ.

ಇದು ಬರೀ ಅಲಂಕಾರದ ಮಾತಲ್ಲ. ಅಮೆರಿಕದ ಕೊಡಾಕ್ ಕಂಪನಿ 1950ರ ದಶಕದಿಂದ ಪ್ರಿಂಟಿಂಗ್ ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡು ಕಳಿಸುತ್ತಿತ್ತು. ಅದರಲ್ಲಿ ಇದ್ದದ್ದು ಒಬ್ಬ ಬಿಳಿ ಹೆಂಗಸು. ಮೊದಲ ರೂಪದರ್ಶಿಯ ಹೆಸರು ಶರ್ಲಿ, ಮುಂದೆ ಯಾರ ಮುಖ ಬಂದರೂ ಅದು ಶರ್ಲಿ ಕಾರ್ಡೇ. ಅವಳ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿ ಎಂದು ಅರ್ಥ. ಬಿಳಿ ಮತ್ತು ಕಪ್ಪು ಮಕ್ಕಳು ಒಟ್ಟಿಗೆ ನಿಂತ ಗುಂಪು ಫೋಟೋದಲ್ಲಿ ಕಪ್ಪು ಮಕ್ಕಳ ಕಣ್ಣು, ಹಲ್ಲು ಬಿಟ್ಟರೆ ಬೇರೇನೂ ಕಾಣದಿದ್ದರೂ ಯಂತ್ರ ಸರಿಯೇ. ಕೊಡಾಕ್ ಫಿಲ್ಮು ಗಾಢ ಬಣ್ಣಗಳ ಕಡೆ ಗಮನ ಕೊಟ್ಟದ್ದು ಆ ಮಕ್ಕಳ ತಾಯಂದಿರ ದೂರಿಗೆ ಅಷ್ಟಾಗಿ ಅಲ್ಲ, ಪೀಠೋಪಕರಣ ಮತ್ತು ಚಾಕೊಲೇಟ್ ಕಂಪನಿಗಳ ದೂರಿಗೆ ಎಂಬುದನ್ನು ಕೆನಡಾದ ಸಂಶೋಧಕಿ ಲೋರ್ನಾ ರಾಥ್ ದಾಖಲಿಸಿದ್ದಾರೆ. ಗಾಢ ಮರಕ್ಕೂ ತಿಳಿ ಮರಕ್ಕೂ, ಹಾಲು ಚಾಕೊಲೇಟಿಗೂ ಕಪ್ಪು ಚಾಕೊಲೇಟಿಗೂ ಜಾಹೀರಾತಿನಲ್ಲಿ ಭೇದ ಕಾಣುತ್ತಿಲ್ಲವೆಂದು ಅವರ ಗೋಳು! 1980ರ ದಶಕದಲ್ಲಿ ಸುಧಾರಿಸಿದ ಫಿಲ್ಮು ಬಂದಾಗ, ಮಂದ ಬೆಳಕಿನಲ್ಲೂ ಕಪ್ಪು ಕುದುರೆಯ ವಿವರ ಹಿಡಿಯುತ್ತದೆ ಎಂದು ಹೊಗಳಿಕೊಂಡರು. ಮನುಷ್ಯರೆಂದು ಬಾಯಿಬಿಟ್ಟು ಹೇಳಲು ಆಗಲೂ ಸಂಕೋಚ. ಬೇರೆ ಬೇರೆ ಮೈಬಣ್ಣದ ಹೆಂಗಸರ ಕಾರ್ಡು ಬರುವಷ್ಟರಲ್ಲಿ 1990ರ ದಶಕ.

ಸ್ಟುಡಿಯೋದ ಗೋಡೆ ಅದರ ಶರ್ಲಿ ಕಾರ್ಡು. ತಿದ್ದುವವನ ಕಣ್ಣು ದಿನವಿಡೀ ಅದನ್ನೇ ನೋಡಿ ‘ಸರಿ’ ಎಂದರೇನೆಂದು ಕಲಿಯುತ್ತದೆ. ಮಾದರಿ ಬೇಕಿದ್ದರೆ ವಿಜಯಪುರಕ್ಕೆ ಹೋಗಬೇಕಿತ್ತು: ಮುಹಮ್ಮದ್ ಆದಿಲ್ ಶಾಹನ ಮಂತ್ರಿ, ಹಬಶಿ (ಆಫ್ರಿಕನ್) ಮೂಲದ ಇಖ್ಲಾಸ್ ಖಾನನನ್ನು 17ನೇ ಶತಮಾನದ ಅಲ್ಲಿನ ಚಿತ್ರಗಾರರು ಕಪ್ಪಗೇ ಬರೆದರು, ಪಕ್ಕದ ಸುಲ್ತಾನನನ್ನು ಅವನ ಬಣ್ಣದಲ್ಲಿ ಬರೆದರು. ಇಬ್ಬರ ಮುಖದ ಗೆರೆಯೂ ನಿಚ್ಚಳ.

ಈಗ ದೂರಿನ ಮುಖ್ಯ ಭಾಗ. ಬಯೋಡೇಟಾ ಫೋಟೋ ಕ್ಲಿಕ್ ಆದ ಮೇಲೆ ‘ಫೇಸ್ ಕ್ಲೀನ್’ಗೆ ಹೋಗುತ್ತದೆ. ದರ ಅದರಲ್ಲೇ ಸೇರಿದೆ, ಕೇಳಬೇಕಿಲ್ಲ, ಬೇಡವೆಂದರೆ ಹುಬ್ಬೇರಿಸುತ್ತಾರೆ. ಒಳಗೆ ನಡೆಯುವುದು ಮೂರು ಕೆಲಸ. ಮೊಡವೆ, ಕಲೆ ಒರೆಸುವುದು, ಇದಕ್ಕೆ ತಕರಾರಿಲ್ಲ. ಚರ್ಮದ ರಂಧ್ರ ಅಳಿಸಿ ನುಣ್ಣಗೆ ಮಾಡುವುದು. ಇದು ಅತಿಯಾಗಿ ಮುಖ ಮೇಣದ ಗೊಂಬೆಯಾಗುತ್ತದೆ. ಮೂರನೆಯದು, ಬಣ್ಣಗಳ ಪಟ್ಟಿಯಲ್ಲಿ ಕಿತ್ತಳೆಯ ಹೊಳಪನ್ನು ಎತ್ತುವುದು. ಮನುಷ್ಯ ಚರ್ಮ ಬಿಳಿಯಿರಲಿ, ಕಪ್ಪಿರಲಿ, ಕಂಪ್ಯೂಟರಿನ ಲೆಕ್ಕದಲ್ಲಿ ಹೆಚ್ಚಾಗಿ ಕಿತ್ತಳೆಯ ಸುತ್ತಲೇ ಬೀಳುತ್ತದೆ, ಹಾಗಾಗಿ ಆ ಒಂದು ಗುಂಡಿ ಎಳೆದರೆ ಮೈಬಣ್ಣ ಏರುತ್ತದೆ. ಸಾಲದೆಂದು ಕೆಂಪನ್ನೂ ಎಳೆಯುತ್ತಾರೆ.

ಕೆಡುವುದು ಅಲ್ಲಿಂದಲೇ. ಬಂಗಾರವೂ ಅದೇ ಬಣ್ಣಗಳ ನೆರೆಹೊರೆ, ಬೋರಮಾಳ ಹಿತ್ತಾಳೆಯಾಗುತ್ತದೆ. ಕೆಂಪು ಎತ್ತಿದ ಕಾರಣ ಇಳಕಲ್ ಸೀರೆಯ ಸೆರಗು ಹತ್ತು ಸಲ ಒಗೆದಂತೆ ಮಾಸುತ್ತದೆ, ಹಣೆಯ ಕುಂಕುಮ ಗುಲಾಲಾಗುತ್ತದೆ, ತುಟಿಗೆ ರಕ್ತವಿಲ್ಲ. ಸೀರೆ ಉಳಿಸಲು ಮುಖವನ್ನಷ್ಟೇ ಆರಿಸಿ ಬೆಳ್ಳಗೆ ಮಾಡಿದರೆ ಕಿವಿ, ಕುತ್ತಿಗೆ, ಬಳೆ ತೊಟ್ಟ ಕೈ ಹಳೆಯ ಬಣ್ಣದಲ್ಲೇ ಉಳಿದು ಗುಟ್ಟು ಬಿಟ್ಟುಕೊಡುತ್ತವೆ. ಸ್ಟುಡಿಯೋದ ಮಾದರಿ ಆಲ್ಬಮ್ಮಿನಲ್ಲೇ ಇಂಥ ಕೈಗಳು ಬೇಕಾದಷ್ಟಿವೆ. ಮುಖ ಒಬ್ಬರದ್ದು, ಕೈ ಇನ್ನೊಬ್ಬರದ್ದು.

‘ಗಿರಾಕಿ ಕೇಳ್ತಾರ್ರೀ, ನಾವೇನ್ ಮಾಡೂಣು’ ಎನ್ನುವುದು ಸ್ಟುಡಿಯೋದ ಉತ್ತರ. ಅರ್ಧ ನಿಜ. ‘ಸ್ವಲ್ಪ ಕೆಂಪಗ ಮಾಡ್ರಿ’ ಎಂದು ತಾಯಂದಿರೇ ಹೇಳುತ್ತಾರೆ. ತಿದ್ದುವುದೇ ಪಾಪವೆಂದು ಇಲ್ಲಿ ವಾದವಿಲ್ಲ. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್ಮಿನಲ್ಲಿ 1910ರ ದಶಕದಿಂದ ಸ್ಟುಡಿಯೋ ನಡೆಸಿದ ಜೇಮ್ಸ್ ವ್ಯಾನ್ ಡರ್ ಝೀ ನೆಗೆಟಿವ್ ಮೇಲೆಯೇ ಕೆರೆದು, ಬರೆದು ತಿದ್ದುತ್ತಿದ್ದ. ಇಲ್ಲದ ಒಡವೆಯನ್ನೂ ತೊಡಿಸುತ್ತಿದ್ದ. ಆದರೂ ಅವನ ಗಿರಾಕಿಗಳು ಆ ಫೋಟೋಗಳಲ್ಲಿ ಕಪ್ಪು ಜನರಾಗಿಯೇ, ಠೀವಿಯಿಂದ ಕೂತಿದ್ದಾರೆ. ಒಡವೆ ಬರೆದುಕೊಡುವುದಕ್ಕೂ ಮೈಬಣ್ಣ ಅಳಿಸುವುದಕ್ಕೂ ಇರುವ ಅಂತರ ಅದು.

ಬಣ್ಣದ ಗುಂಡಿಗೆ ಅರ್ಥವಿಲ್ಲ ಎನ್ನುವವರು 1994ರ ಜೂನ್ 27ರ ‘ಟೈಮ್’ ಪತ್ರಿಕೆಯ ಮುಖಪುಟ ನೋಡಬೇಕು. ಕೊಲೆ ಆರೋಪ ಹೊತ್ತ ಕಪ್ಪುವರ್ಣೀಯ ಅಮೆರಿಕನ್ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್‌ನ ಪೊಲೀಸ್ ಫೋಟೋವನ್ನು ಅವರು ಇನ್ನಷ್ಟು ಕಪ್ಪು ಮಾಡಿ ಅಚ್ಚು ಹಾಕಿದರು. ಅದೇ ವಾರ ‘ನ್ಯೂಸ್‌ವೀಕ್’ ಅದೇ ಫೋಟೋವನ್ನು ಹಾಗೆ ಮಾಡದೆ ಹಾಕಿತು. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ಕಂಡಾಗ ದೇಶವೇ ಸಿಟ್ಟಾಯಿತು. ಅಪರಾಧಿಯಂತೆ ಕಾಣಿಸಲು ಗುಂಡಿ ಕೆಳಗೆ, ವರನ ಮನೆಯವರಿಗೆ ಒಪ್ಪಿಗೆಯಾಗಲು ಗುಂಡಿ ಮೇಲೆ. ಗುಂಡಿ ಒಂದೇ.

ಮೇಕಪ್ಪು ಬೇರೆ ದರಕ್ಕೆ, ಮತ್ತು ಕೊಡುವ ಹಣಕ್ಕೆ ತಕ್ಕುದಲ್ಲ. ಮುಖಕ್ಕಿಂತ ಎರಡು ಛಾಯೆ ತಿಳಿಯಾದ ಫೌಂಡೇಶನ್ ಬಳಿದು, ಮೇಲೆ ಪೌಡರ್ ಒತ್ತಿ ಮಿಂಚನ್ನೆಲ್ಲ ಕೊಲ್ಲುತ್ತಾರೆ. ಕೆಲವು ಪೌಡರುಗಳು ಫ್ಲಾಶ್ ಬೆಳಕನ್ನು ಹಾಗೇ ಎದುರಿಗೆ ಎಸೆದು ಫೋಟೋದಲ್ಲಿ ವಿಭೂತಿ ಹಚ್ಚಿದಂತೆ ಬೂದಿಬೂದಿ ಕಾಣಿಸುತ್ತವೆ. ಅದಕ್ಕಿಂತ ದೊಡ್ಡ ತಪ್ಪು ಮಿಂಚು ತೆಗೆಯುವುದು. ಬಿಳಿ ಚರ್ಮದಲ್ಲಿ ನೆರಳು ಆಕಾರ ತೋರಿಸುತ್ತದೆ, ಕಪ್ಪು ಚರ್ಮದಲ್ಲಿ ಮಿಂಚು ತೋರಿಸುತ್ತದೆ: ಕೆನ್ನೆಯ ದಿಬ್ಬ, ಮೂಗಿನ ಏಣು, ಹಣೆ. ಕಪ್ಪುವರ್ಣೀಯ ನಟರಿರುವ ಟಿವಿ ಸರಣಿಗೆ ಕ್ಯಾಮೆರಾ ಹಿಡಿದ ಏವಾ ಬರ್ಕಾಫ್‌ಸ್ಕಿ ಮುಖಕ್ಕೆ ಬೆಳಕು ತಿರುಗಿಸುವಂಥ ಮೇಕಪ್ಪು ಹಚ್ಚಿಸಿ, ಬಿಳಿ ಹಾಳೆ-ಬಟ್ಟೆಗೆ ಹೊಡೆದು ಮರಳಿದ ಬೆಳಕನ್ನು ಮುಖಕ್ಕೆ ತಂದು, ಹೆಚ್ಚಾದ ಮಿಂಚನ್ನು ಪೋಲರೈಸರ್ ಎಂಬ ಲೆನ್ಸ್ ಫಿಲ್ಟರಿನಿಂದ ಹತೋಟಿಗೆ ತರುತ್ತಿದ್ದರು. ನಮ್ಮಲ್ಲಿ ಇದಕ್ಕೆ ದೊಡ್ಡ ಖರ್ಚಿಲ್ಲ. ಪೌಡರ್ ಬಿಟ್ಟು ತೆಳ್ಳಗೆ ಮಾಯಿಶ್ಚರೈಸರ್ ಹಚ್ಚಿಕೊಂಡು ಹೋಗಿ. ಥರ್ಮಾಕೋಲ್ ಸಾಲದಿದ್ದರೆ ಎರಡು ಪದರು ಬಿಳಿ ಧೋತರ ಕಟ್ಟಿದರೂ ಆದೀತು.

ಪ್ರಿಂಟಿನಲ್ಲಿ ಇನ್ನೊಂದು ಎಡವಟ್ಟಿದೆ, ಇದನ್ನು ಸ್ಟುಡಿಯೋದವರೂ ಗುರುತಿಸಿದಂತಿಲ್ಲ. ತಿದ್ದುವ ಕೋಣೆಯ ಮಾನಿಟರು ಪೂರ್ತಿ ಬ್ರೈಟ್‌ನೆಸ್ಸಿನಲ್ಲಿ ಉರಿಯುತ್ತದೆ. ಪರದೆಯಲ್ಲಿ ಬೆಳಗಿದ್ದು ಕಾಗದದಲ್ಲಿ ಮಂಕಾಗುತ್ತದೆ. ಗಿರಾಕಿ ‘ಕರ್ರಗ ಬಂದೈತಲ್ರಿ’ ಎನ್ನುತ್ತಾರೆ, ಇವರು ಮುಂದಿನ ಸಲ ಮುಖವನ್ನೇ ಇನ್ನಷ್ಟು ಎತ್ತುತ್ತಾರೆ. ಇಳಿಸಬೇಕಾದದ್ದು ಮಾನಿಟರನ್ನು. ಕಾಗದವೂ ಮುಖ್ಯ. ಹೊಳಪಿಲ್ಲದ ಮ್ಯಾಟ್ ಕಾಗದ ಗಾಢ ಛಾಯೆಗಳನ್ನು ನುಂಗುತ್ತದೆ, ಕಪ್ಪು ಮುಖಕ್ಕೆ ಅರೆಹೊಳಪಿನ ಲಸ್ಟರ್ ಅಥವಾ ಪೂರ್ತಿ ಹೊಳಪಿನ ಗ್ಲಾಸಿ ಕೇಳಿ. ಗಾಢ ಎಂದರೆ ಕೆಟ್ಟದ್ದೆಂದೂ ಅಲ್ಲ: ಹಾರ್ಲೆಮ್ಮಿನ ಫೋಟೋಗ್ರಾಫರ್ ರಾಯ್ ಡಿಕರಾವಾ ಇಡೀ ಚಿತ್ರವನ್ನೇ ಕಡುಬೂದಿನಲ್ಲಿ ಪ್ರಿಂಟ್ ಮಾಡಿಯೂ ಅದರೊಳಗೆ ಮುಖ ಮೂಡಿಸುತ್ತಿದ್ದ.

ಕೊನೆಯ ತಕರಾರು ಕೌಂಟರಿನಾಚೆಯದು. ಗಿರಾಕಿಯ ತಿದ್ದುವ ಮುಂಚಿನ, ನಂತರದ ಮುಖಗಳನ್ನು ಜೋಡಿಸಿ ಸ್ಟುಡಿಯೋ ತನ್ನ ಇನ್‌ಸ್ಟಾಗ್ರಾಮಿನಲ್ಲಿ ಹಾಕಿಕೊಳ್ಳುತ್ತದೆ. ಕೇಳುವ ಪದ್ಧತಿ ಇಲ್ಲ. ಕಪ್ಪು ಮುಖ ಅಲ್ಲಿ ರೋಗ, ಬೆಳ್ಳಗಿನದ್ದು ಗುಣವಾದದ್ದು. ಫೋಟೋ ಯಾರದ್ದು ಎಂಬ ಪ್ರಶ್ನೆ ಅಮೆರಿಕದಲ್ಲಿ ಕೋರ್ಟು ಹತ್ತಿದೆ. 1850ರಲ್ಲಿ ವಿಜ್ಞಾನಿ ಲೂಯಿ ಅಗಾಸೀ ದಕ್ಷಿಣ ಕ್ಯಾರೊಲಿನಾದಲ್ಲಿ ರೆಂಟಿ, ಅವನ ಮಗಳು ಡೀಲಿಯಾ ಮೊದಲಾದ ಗುಲಾಮರನ್ನು ಬಟ್ಟೆ ಬಿಚ್ಚಿಸಿ ನಿಲ್ಲಿಸಿ ಫೋಟೋ ತೆಗೆಸಿದ, ಕಪ್ಪು ಜನ ಕೀಳು ಎಂಬ ತನ್ನ ವಾದಕ್ಕೆ. ಹಾರ್ವರ್ಡ್ ಆ ಚಿತ್ರಗಳನ್ನು ತನ್ನ ಬಳಿಯೇ ಇಟ್ಟುಕೊಂಡಿತ್ತು. ತಾನು ರೆಂಟಿಯ ವಂಶದವಳೆಂದು ಟಮಾರಾ ಲೇನಿಯರ್ 2019ರಲ್ಲಿ ದಾವೆ ಹೂಡಿ, 2025ರಲ್ಲಿ ರಾಜಿಯಾಗಿ, ಹಾರ್ವರ್ಡ್ ಅವನ್ನು ಬಿಟ್ಟುಕೊಡಲು ಒಪ್ಪಿತು. ಆ ಕ್ರೌರ್ಯವನ್ನೂ ಇನ್‌ಸ್ಟಾಗ್ರಾಮ್ ಪೋಸ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಕೂತವರನ್ನು ಕೇಳದೆ ಅವರ ಮೈಯನ್ನು ಪುರಾವೆಯಾಗಿ ಬಳಸುವ ಚಾಳಿ ಎಲ್ಲಿಂದ ಬಂತೆಂದು ಗೊತ್ತಿರಲಿ. ಅದೇ ಕಾಲದ ಫ್ರೆಡರಿಕ್ ಡಗ್ಲಸ್, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವನು, ಸುಮಾರು 160 ಫೋಟೋಗಳಿಗೆ ಕ್ಯಾಮೆರಾದ ಮುಂದೆ ಕೂತ. ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರು ರಂಗದ ಮೇಲೆ ಹಲ್ಲುಕಿರಿಯುತ್ತ ಕಪ್ಪು ಜನರನ್ನು ಅಣಕಿಸುತ್ತಿದ್ದ ಕಾಲದಲ್ಲಿ, ಅವನು ನಗದೆ ನೆಟ್ಟ ನೋಟದಲ್ಲಿ ತೆಗೆಸಿಕೊಂಡ. ಯಾವ ಮುಖ ಹೊರಗೆ ಹೋಗಬೇಕೆಂದು ಅವನೇ ನಿರ್ಧರಿಸಿದ.

ಹೋಗುವವರಿಗೆ ಲೆಕ್ಕ ಹೀಗೆ. ಬಯೋಡೇಟಾ ಪ್ಯಾಕೇಜು 600 ರೂಪಾಯಿ, ಎರಡು ಉಡುಪು, ಐದು ಫೋಟೋ, ಮೂರನೆಯ ದಿನ ಕೈಗೆ. ಭಾನುವಾರ, ಹಾಗೂ ಮುಹೂರ್ತಗಳ ಮುಂಚಿನ ವಾರ ಹೋಗಬೇಡಿ. ಗಡಿಬಿಡಿಯಲ್ಲಿ ಎಲ್ಲರಿಗೂ ಒಂದೇ ಸೆಟ್ಟಿಂಗ್ ಒತ್ತುತ್ತಾರೆ. ಹಣ ಕೊಡುವ ಮುಂಚೆಯೇ ಹೇಳಬೇಕಾದ್ದು: ‘ಕಲಿ ಅಷ್ಟ ತಗೀರಿ, ಬಣ್ಣಾ ಮುಟ್ಟಬ್ಯಾಡ್ರಿ. ತಿದ್ದಲಾರದ ಫೈಲೂ ಕೊಡ್ರಿ. ಇನ್‌ಸ್ಟಾಕ್ಕ ಹಾಕಬ್ಯಾಡ್ರಿ.’ ಈ ಮೂರನ್ನೂ ರಸೀದಿಯ ಹಿಂದೆ ಬರೆಸಿಕೊಳ್ಳಿ, ಬರೆದುಕೊಡುತ್ತಾರೆ. ಪ್ರಿಂಟು ಬಂದಾಗ ಟ್ಯೂಬ್‌ಲೈಟಿನ ಕೆಳಗೆ ನೋಡದೆ ಬಾಗಿಲಾಚೆ ಹಗಲಿಗೆ ಹಿಡಿದು, ಮುಖದ ಪಕ್ಕ ನಿಮ್ಮ ಕೈಯನ್ನೇ ಇಟ್ಟು ಹೋಲಿಸಿ. ಇದಿಷ್ಟು ಜಂಜಾಟ ಬೇಡವೆಂದರೆ ಇನ್ನೊಂದು ದಾರಿ: ವೀಸಾ ಫೋಟೋ ಬೇಕೆಂದು ಹೇಳಿ ಕೂತು, ಮುಗಿದ ಮೇಲೆ ಅದೇ ಬೆಳಕಿನಲ್ಲಿ ಸೀರೆಯದ್ದೂ ನಾಲ್ಕು ತೆಗೆಸಿಕೊಂಡು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ನೂರು ರೂಪಾಯಿ ಹೆಚ್ಚು ಕೇಳುತ್ತಾರೆ.